ಬಾಡಿನ ಕಡುಬು: ಮಳವಳ್ಳಿಯ ಅಡುಗೆಮನೆಯಲ್ಲಿ ಒಂದು ಬ್ರಿಟಿಷ್ ಭಕ್ಷ್ಯ

ಕಣಕವೆಂದರೇನು, ಹೂರಣವೆಂದರೇನು ಎಂಬುದನ್ನು ಬಾಲ್ಯದಿಂದಲೇ ಬಲ್ಲ ಕನ್ನಡದ ಮನೆಗಳಿಗೆ, ಬ್ರಿಟನ್ನಿನ ಜನ ಶತಮಾನಗಳಿಂದ ಬೇಯಿಸಿಕೊಂಡು ಬಂದಿರುವ ಮಾಂಸದ ‘ಪೈ’ ಎಂಬ ಭಕ್ಷ್ಯವನ್ನು ಪರಿಚಯ ಮಾಡಿಕೊಡುವುದು ಕಷ್ಟದ ಕೆಲಸವಲ್ಲ. ಗೋಧಿಯ ಕಣಕದಿಂದ ಬಟ್ಟಲೊಂದನ್ನು ಎಬ್ಬಿಸಿ, ಅದರೊಳಗೆ ಮಾಂಸದ ಹೂರಣವನ್ನು ತುಂಬಿ, ಮೇಲೆ ಅದೇ ಕಣಕದ ಮುಚ್ಚಳವನ್ನು ಹೊದಿಸಿ, ಅಂಚನ್ನು ಒತ್ತಿ ಮುಚ್ಚಿ, ನಾಲ್ಕೂ ಕಡೆಯ ಒಣ ಶಾಖದಲ್ಲಿ ಬೇಯಿಸಿದರೆ ಅದೇ ಪೈ. ಹಬ್ಬದ ದಿನ ಕರ್ಜಿಕಾಯಿಯ ಅಂಚನ್ನು ಬೆರಳಿನಿಂದ ಮಡಿಸುತ್ತ ಕುಳಿತ ಯಾವ ಗೃಹಿಣಿಯೂ ಇದನ್ನು ಒಮ್ಮೆ ನೋಡಿದ ಮಾತ್ರಕ್ಕೆ ತನ್ನ ಬಳಗದ ತಿನಿಸೆಂದೇ ಗುರುತಿಸಿಬಿಡುವಳು. ನಾನು ಇದನ್ನು ಮೊದಲ ಬಾರಿ ಸರಿಯಾಗಿ ಮಾಡಿ ಮುತ್ತತ್ತಿಯ ಹೊಳೆದಂಡೆಗೆ ಒಯ್ದಿದ್ದ ದಿನ, ನಮ್ಮ ದೊಡ್ಡವ್ವ ಡಬ್ಬಿಯ ಮುಚ್ಚಳ ತೆಗೆದೊಡನೆ ಕೇಳಿದ ಮಾತೂ ಅದೇ ಆಗಿತ್ತು: “ಇದೇನ್ ಮಗ, ಕಡುಬಾ?” “ಹೂಂ ದೊಡ್ಡವ್ವ, ಬಾಡಿನ ಕಡುಬು” ಎಂದೆ. ಆ ಹೆಸರು ನಮ್ಮ ಮನೆಯಲ್ಲಿ ನಿಂತುಹೋಯಿತು. ಈ ಲೇಖನದ ತಲೆಯ ಮೇಲೆ ಅದನ್ನೇ ಇಟ್ಟಿದ್ದೇನೆ.

ಆದರೆ ಪೈಗಳಲ್ಲಿ ಹಲವು ಜಾತಿಗಳುಂಟು, ಮತ್ತು ಅವೆಲ್ಲವೂ ನಮ್ಮ ಸೀಮೆಯ ಹವೆಗೆ, ನಮ್ಮ ಅಂಗಡಿಯ ಮಾಂಸಕ್ಕೆ, ನಮ್ಮ ಕೈಯ ಅಭ್ಯಾಸಕ್ಕೆ ಒಗ್ಗುವಂಥವಲ್ಲ. ಗೋಮಾಂಸವನ್ನೂ ಗುಂಡಿಕಾಯಿಯನ್ನೂ (ಎಂದರೆ ಮೂತ್ರಪಿಂಡವನ್ನೂ) ಸೇರಿಸಿ ಮಾಡುವ ಪೈ ಇಂಗ್ಲೆಂಡಿನಲ್ಲಿ ಪ್ರಸಿದ್ಧವಾದದ್ದು; ಹಂದಿಮಾಂಸದ ಪೈಗೆ ಲೆಸ್ಟರ್‌ಷೈರ್ ಪ್ರಾಂತದ ಮೆಲ್ಟನ್ ಮೌಬ್ರೆ ಎಂಬ ಊರು ಹೆಸರಾದದ್ದು; ‘ಶೆಪರ್ಡ್ಸ್ ಪೈ’ ಎಂಬ ಕುರುಬರ ಹೆಸರಿನ ತಿನಿಸಿಗಂತೂ ಕಣಕವೇ ಇಲ್ಲ, ಕುರಿಮಾಂಸದ ಕೈಮದ ಮೇಲೆ ಬೇಯಿಸಿ ಅರೆದ ಆಲೂಗಡ್ಡೆಯ ಹೊದಿಕೆಯಷ್ಟೇ ಅದಕ್ಕೆ ಮುಚ್ಚಳ. ಇವೆಲ್ಲವನ್ನೂ ಬಿಟ್ಟು, ಕುದಿನೀರಿನ ಕಣಕದಲ್ಲಿ ಕುರಿಮಾಂಸವನ್ನು ತುಂಬಿ ಮಾಡುವ ಸ್ಕಾಟ್ಲೆಂಡಿನ ಪುಟ್ಟ ಪೈಯೊಂದೇ ಮಳವಳ್ಳಿ ಮದ್ದೂರುಗಳ ಅಡುಗೆಮನೆಗೆ ಹೇಳಿ ಮಾಡಿಸಿದಂಥದು ಎಂಬುದು ಹಲವು ಬಾರಿ ಮಾಡಿ, ಕೆಲವು ಬಾರಿ ಕೆಡಿಸಿದ ತರುವಾಯ ನನ್ನಲ್ಲಿ ದೃಢವಾಗಿರುವ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಸಾವಕಾಶವಾಗಿ ನಿವೇದಿಸುತ್ತೇನೆ.

ಪೈ ಹುಟ್ಟಿದ್ದು ರುಚಿಗಾಗಿ ಎನ್ನುವುದಕ್ಕಿಂತ ರಕ್ಷಣೆಗಾಗಿ ಎನ್ನುವುದು ಹೆಚ್ಚು ಯುಕ್ತವಾದೀತು. ಸುಮಾರು 1390ರಲ್ಲಿ ಎರಡನೆಯ ರಿಚರ್ಡ್ ದೊರೆಯ ಪಾಕಶಾಲೆಯವರು ಸಂಕಲಿಸಿದ ‘ದಿ ಫಾರ್ಮ್ ಆಫ್ ಕ್ಯೂರಿ’ ಎಂಬ ಹಸ್ತಪ್ರತಿಯ ಕಾಲದಲ್ಲಿ, ಪೈಯ ಹೊರಗೋಡೆಯನ್ನು ಆಂಗ್ಲರು ‘ಕಾಫಿನ್’ ಎಂದು ಕರೆಯುತ್ತಿದ್ದರು. ಇಂದು ಶವಪೆಟ್ಟಿಗೆಯೆಂಬ ಅರ್ಥದಲ್ಲಿ ಉಳಿದಿರುವ ಆ ಶಬ್ದಕ್ಕೆ ಅಂದು ಪೆಟ್ಟಿಗೆ, ಬುಟ್ಟಿ ಎಂಬಷ್ಟೇ ಅರ್ಥವಿತ್ತು. ಬೇಯಿಸಲು ತಕ್ಕ ಪಾತ್ರೆಗಳು ಎಲ್ಲ ಮನೆಗಳಲ್ಲಿ ದೊರೆಯದಿದ್ದ ಆ ದಿನಗಳಲ್ಲಿ ಹಿಟ್ಟೇ ಪಾತ್ರೆಯಾಯಿತು. ಒಳಗಿನ ರಸವನ್ನು ಸೋರಗೊಡದೆ ಹಿಡಿದಿಡುವುದು ಅದರ ಮೊದಲ ಕೆಲಸ, ತಿನ್ನಲು ಹಿತವಾಗಿರುವುದು ಎರಡನೆಯದು. ಬೆಂದ ಪೈಯ ನೆತ್ತಿಯ ರಂಧ್ರದಿಂದ ಕರಗಿಸಿದ ಬೆಣ್ಣೆಯನ್ನು ಒಳಗೆ ಸುರಿದು ಗಾಳಿಯಾಡದಂತೆ ಮಾಡಿ ಕೆಲವು ದಿವಸ ಕಾಪಾಡುವುದೂ ಉಂಟಾಗಿತ್ತು. ಉಪ್ಪಿನಕಾಯಿಯ ಜಾಡಿಯಲ್ಲಿ ಮೇಲೆ ಎಣ್ಣೆ ನಿಲ್ಲುವಂತೆ ನೋಡಿಕೊಳ್ಳುವ ನಮ್ಮ ಹಿರಿಯರ ಜಾಣ್ಮೆಗೆ ಇದು ಸಮಾನವಾದದ್ದು. 1747ರಲ್ಲಿ ಹ್ಯಾನಾ ಗ್ಲಾಸ್ ಎಂಬಾಕೆ ಪ್ರಕಟಿಸಿದ ಪಾಕಗ್ರಂಥವು ಪೈಗಳನ್ನು ವಿಸ್ತಾರವಾಗಿ ಹೇಳುವುದಲ್ಲದೆ, ಹಿಂದೂಸ್ಥಾನದ ರೀತಿಯ ಸಾರನ್ನು ಮಾಡುವ ವಿಧಾನವೊಂದನ್ನೂ ಒಳಗೊಂಡಿದೆ. ಎರಡೂವರೆ ಶತಮಾನಗಳ ಹಿಂದೆಯೇ ಲಂಡನ್ನಿನ ಗೃಹಿಣಿಯರು ನಮ್ಮ ಮೆಣಸು ಕೊತ್ತಂಬರಿಗಳನ್ನು ಕೈಗೆತ್ತಿಕೊಂಡಿದ್ದ ಮೇಲೆ, ನಾವು ಅವರ ಕಣಕವನ್ನು ನಾದಿ ನೋಡಲು ಸಂಕೋಚಪಡಬೇಕಾಗಿಲ್ಲ.

ಮುತ್ತತ್ತಿಗೂ ಈ ಭಕ್ಷ್ಯಕ್ಕೂ ನಂಟೇನೆಂದು ವಾಚಕರು ಕೇಳಬಹುದು. ನೇರವಾದ ನಂಟಿಲ್ಲ, ಆದರೆ ಹೊಳೆಯ ಮೇಲಿಂದ ಬಂದ ನಂಟೊಂದು ಇದೆ. ಮುತ್ತತ್ತಿಯನ್ನು ಬಳಸಿ ಹರಿಯುವ ಕಾವೇರಿ, ಅಲ್ಲಿಗೆ ಬರುವ ಮುನ್ನ ನಮ್ಮ ಮಳವಳ್ಳಿ ತಾಲ್ಲೂಕಿನ ಮೇರೆಯಲ್ಲೇ ಶಿವನಸಮುದ್ರದಲ್ಲಿ ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕುತ್ತಾಳೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಸಂಕಲ್ಪಿತವಾಗಿ, ಜೋಲಿ ಡಿ ಲಾಟ್‌ಬಿನಿಯೇರ್ ಎಂಬ ಇಂಜಿನಿಯರರ ಯೋಜನೆಯಂತೆ ಅಲ್ಲಿ ನಿರ್ಮಿತವಾದ ವಿದ್ಯುದಾಗಾರವು 1902ರ ಜೂನ್ 30ರಂದು ತನ್ನ ಶಕ್ತಿಯನ್ನು ಕಳುಹಿದ್ದು ಬೆಂಗಳೂರಿಗಲ್ಲ, ಮೈಸೂರಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆ ಬಳಿಕ, 1905ರಲ್ಲಿ. ಆ ಗಣಿಗಳನ್ನು 1880ರಿಂದ ನಡೆಸುತ್ತಿದ್ದ ಜಾನ್ ಟೇಲರ್ ಸಂಸ್ಥೆಯು ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲಿನಿಂದ ಅನುಭವಸ್ಥ ಗಣಿಗಾರರನ್ನು ಕರೆತಂದಿತ್ತು. ಕಾರ್ನ್‌ವಾಲಿನ ಗಣಿಗಾರನ ಬುತ್ತಿ ಎಂದರೆ ‘ಪೇಸ್ಟಿ’: ಮಾಂಸ, ಆಲೂಗಡ್ಡೆ, ಈರುಳ್ಳಿ, ಟರ್ನಿಪ್ ಜಾತಿಯ ಗೆಡ್ಡೆ ಇವನ್ನು ಹೆಚ್ಚಿ ತುಂಬಿ, ಅರ್ಧಚಂದ್ರಾಕಾರವಾಗಿ ಮಡಿಸಿ, ಅಂಚನ್ನು ಹಗ್ಗದಂತೆ ಹೊಸೆದು ಬೇಯಿಸಿದ, ಅಂಗೈಗಿಂತ ದೊಡ್ಡದಾದ ಕರ್ಜಿಕಾಯಿ. ನಂಜನಗೂಡಿನ ರಸಬಾಳೆಗೂ ಮೈಸೂರಿನ ವೀಳ್ಯದೆಲೆಗೂ ದೊರೆತಿರುವಂಥ ಭೌಗೋಳಿಕ ಮಾನ್ಯತೆ ಆ ಕಾರ್ನ್‌ವಾಲ್ ಪೇಸ್ಟಿಗೆ 2011ರಲ್ಲಿ ಯುರೋಪಿನಲ್ಲಿ ಪ್ರಾಪ್ತವಾಯಿತು. ಇದೇ ಜನ 1820ರ ದಶಕದಲ್ಲಿ ಮೆಕ್ಸಿಕೋ ದೇಶದ ರಿಯಲ್ ಡೆಲ್ ಮಾಂಟೆಯ ಬೆಳ್ಳಿಗಣಿಗಳಿಗೆ ಹೋದರು. ಅಲ್ಲಿಯವರು ಇವರ ಪೇಸ್ಟಿಯನ್ನು ಬಿಡಲಿಲ್ಲ. ಹೂರಣಕ್ಕೆ ತಮ್ಮ ಮೆಣಸಿನಕಾಯಿಯನ್ನು ಸೇರಿಸಿ, ಹೆಸರನ್ನು ‘ಪಾಸ್ತೆ’ ಎಂದು ತಮ್ಮ ನಾಲಿಗೆಗೆ ಹೊಂದಿಸಿಕೊಂಡು, ಇಂದಿಗೂ ತಮ್ಮದೇ ಎಂಬ ಅಭಿಮಾನದಿಂದ ಮಾರುತ್ತಿದ್ದಾರೆ. ಊಟದ ವಸ್ತು ಊರಿನಿಂದೂರಿಗೆ ಹೋಗುವ ಕ್ರಮವೇ ಹಾಗೆ. ಹೋದಲ್ಲಿ ಅಲ್ಲಿಯ ಉಪ್ಪನ್ನು ಉಂಡ ಮೇಲೆಯೇ ಅದು ಅಲ್ಲಿಯದಾಗುವುದು.

ನಮ್ಮಲ್ಲಿ ಅದು ಉಣ್ಣಬೇಕಾದ ಉಪ್ಪು ಯಾವುದೆಂಬ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಒಂದು ವೈಫಲ್ಯದಿಂದ. ಚೈತ್ರಮಾಸದ ಒಂದು ಮಧ್ಯಾಹ್ನ, ಬೆಣ್ಣೆಯನ್ನು ಹಿಟ್ಟಿನಲ್ಲಿ ಪುಡಿಪುಡಿಯಾಗಿ ಬೆರೆಸಿ ತಣ್ಣೀರಿನಿಂದ ಒಗ್ಗೂಡಿಸುವ ಇಂಗ್ಲಿಷ್ ಕ್ರಮವನ್ನು ಹಿಡಿದು ಕುಳಿತೆ. ಬೆಣ್ಣೆ ಕಣಕಣವಾಗಿ ಗಟ್ಟಿಯಾಗಿ ಉಳಿದರೆ ಮಾತ್ರ ಆ ಕಣಕ ಪದರಪದರವಾಗಿ ಬೇಯುತ್ತದೆ. ಬೆಣ್ಣೆಯಾದರೋ 32ರಿಂದ 35 ಡಿಗ್ರಿಗೆಲ್ಲ ಕರಗುವ ದ್ರವ್ಯ. ಮಳವಳ್ಳಿಯ ಬೇಸಗೆಯಲ್ಲಿ ಅಡುಗೆಮನೆಯೇ ಅಷ್ಟು ಬಿಸಿಯಾಗಿರುತ್ತದೆ. ಲಟ್ಟಣಿಗೆ ಎತ್ತುವಷ್ಟರಲ್ಲಿ ಕಣಕ ಮಣೆಗೆ ಅಂಟಿತು, ಜಿಡ್ಡು ಹೊರಬಂದು ಬೆರಳುಗಳ ಸಂದಿಯಲ್ಲಿ ಇಳಿಯಿತು, ಒಲೆಯಲ್ಲಿಟ್ಟ ಪೈಯ ಗೋಡೆಗಳು ಮಣ್ಣಿನ ಗೋಡೆ ಮಳೆಗೆ ಕುಸಿದಂತೆ ಕುಸಿದುವು. ಅಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮ್ಮ ಅತ್ತಿಗೆ, “ತಣ್ಣೀರಿಗೆ ಬರದಿದ್ರೆ ಬಿಸಿನೀರಿಗೆ ಹಾಕಿ ಉಕ್ಕರಿಸಿ ನೋಡಿ, ನಮ್ಮ ಅಕ್ಕಿಹಿಟ್ಟು ಹಂಗೇ ಅಲ್ವಾ ಮಾತು ಕೇಳೋದು” ಎಂದರು. ಆಕೆಗೆ ಸ್ಕಾಟ್ಲೆಂಡಿನ ಪೈಯ ವಿಚಾರ ತಿಳಿದಿರಲಿಲ್ಲ; ಆದರೆ ಸ್ಕಾಟ್ಲೆಂಡಿನವರು ಮಾಡುವುದು ನಿಶ್ಚಯವಾಗಿ ಅದನ್ನೇ.

ಕುದಿನೀರಿನ ಕಣಕದ ಮರ್ಮವನ್ನು ಎರಡು ಮಾತಿನಲ್ಲಿ ಹೇಳಬಹುದು. ಗೋಧಿಹಿಟ್ಟಿನಲ್ಲಿ ನೀರು ಬೆರೆತು ನಾದಿದಾಗ ಎಳೆಯುವ ಗುಣವೊಂದು ಹುಟ್ಟುತ್ತದೆ. ಹೋಳಿಗೆಯ ಕಣಕಕ್ಕೆ ಅದೇ ಜೀವಾಳ, ಎಣ್ಣೆಯಲ್ಲಿ ನೆನೆದ ಆ ಕಣಕ ಹೂರಣದ ಮೇಲೆ ತೊಗಲಿನಂತೆ ಹಿಗ್ಗಬೇಕು. ಪೈಗೆ ಆ ಗುಣ ಬೇಡ. ಎಳೆದ ಗೋಡೆ ಮತ್ತೆ ಕುಗ್ಗಿಕೊಳ್ಳುತ್ತದೆ, ಬೆಂದ ಮೇಲೆ ಜಗಿಯಲಾರದಷ್ಟು ಬಿರುಸಾಗುತ್ತದೆ. ನೀರನ್ನೂ ನೆಣವನ್ನೂ ಒಟ್ಟಿಗೆ ಕುದಿಸಿ ಹಿಟ್ಟಿಗೆ ಸುರಿದರೆ, ಕರಗಿದ ನೆಣವು ಹಿಟ್ಟಿನ ಕಣಗಳನ್ನು ಆವರಿಸಿ ಆ ಎಳೆತವನ್ನು ತಡೆಯುತ್ತದೆ. ಅದೇ ವೇಳೆಗೆ, ಸುಮಾರು 60 ಡಿಗ್ರಿಯ ಶಾಖದಲ್ಲಿ ಉಬ್ಬಿ ಅಂಟಾಗುವ ಹಿಟ್ಟಿನ ಪಿಷ್ಟವು ಕುದಿನೀರಿಗೆ ಅರೆಬೆಂದು, ಬಿಸಿಯಲ್ಲಿ ಜೇಡಿಮಣ್ಣಿನಂತೆ ಹೇಳಿದಂತೆ ಕೇಳುವ, ಆರಿದ ಮೇಲೆ ಮಡಕೆಯಂತೆ ನಿಲ್ಲುವ ಕಣಕವನ್ನು ಕೊಡುತ್ತದೆ. ಅಕ್ಕಿಯ ಕಡುಬಿಗೆ ಹಿಟ್ಟು ಉಕ್ಕರಿಸುವವರು, ರಾಗಿಯ ಮುದ್ದೆ ಕಟ್ಟುವವರು, ಈ ಮಾತನ್ನು ಓದಬೇಕಾಗಿಲ್ಲ. ಅವರ ಕೈಗೆ ಇದು ಗೊತ್ತಿರುತ್ತದೆ. ಬೇಸಗೆಯ ಬಿಸಿ ಇಲ್ಲಿ ಶತ್ರುವಲ್ಲ, ಸಹಾಯಕ.

ಇನ್ನು ಹೂರಣ. ಈ ವಿಷಯದಲ್ಲಿ ನಮ್ಮ ತಾಲ್ಲೂಕಿನವರ ಭಾಗ್ಯ ಇತರರಿಗಿಲ್ಲ. ಮಳವಳ್ಳಿ ತಾಲ್ಲೂಕಿನ ಬಂಡೂರು ಎಂಬ ಗ್ರಾಮದ ಹೆಸರನ್ನು ಹೊತ್ತ ಕುರಿಯ ತಳಿ, ಮಂಡ್ಯದ ಕುರಿಯೆಂದೂ ಬನ್ನೂರು ಕುರಿಯೆಂದೂ ದೂರದೂರದಲ್ಲಿ ಪ್ರಸಿದ್ಧವಾಗಿದೆ. ಗಿಡ್ಡ ಕಾಲು, ಪೀಪಾಯಿಯಂತೆ ದುಂಡಾದ ಮೈ, ಹಿಂದಿನಿಂದ ನೋಡಿದರೆ ತಿರುವಿಟ್ಟ ಲಾಳದಂತೆ ಕಾಣುವ ತುಂಬು ತೊಡೆಗಳು. ಬಲಿತ ಟಗರೂ 35 ಕಿಲೋಗ್ರಾಮಿನ ಆಸುಪಾಸಿನ ತೂಕದ ಸಣ್ಣ ಪ್ರಾಣಿ. ಇದರ ಹೆಗ್ಗಳಿಕೆಯೆಂದರೆ, ನೆಣವು ಒಂದೆಡೆ ಗಡ್ಡೆಗಟ್ಟದೆ ಮಾಂಸದ ಎಳೆಎಳೆಗಳ ನಡುವೆ ಹರಡಿಕೊಂಡಿರುವುದು; ಬೇಯುವಾಗ ಮಾಂಸವು ತನ್ನ ಜಿಡ್ಡಿನಲ್ಲಿ ತಾನೇ ಮಿದುವಾಗುವುದು. ಮುಚ್ಚಿ ಬೇಯಿಸುವ ಪೈಗೆ ಇದಕ್ಕಿಂತ ತಕ್ಕ ಮಾಂಸ ಮತ್ತೊಂದಿಲ್ಲ. ಏಕೆಂದರೆ ಮುಚ್ಚಳ ಹೊದಿಸಿದ ಮೇಲೆ ಅಡುಗೆಯವನು ಎಣ್ಣೆ ಹಾಕಲಾರ, ನೀರು ಚಿಮುಕಿಸಲಾರ, ಒಳಗಿರುವುದರ ಗುಣವೇ ಗತಿ. ಶುದ್ಧ ತಳಿಯ ಕುರಿಗಳು ವಿರಳವಾಗಿವೆ, ಬೆಲೆಯೂ ಹೆಚ್ಚು. ಹಳ್ಳಿಗಳಲ್ಲಿ ನಾಲ್ಕಾರು ಮನೆಯವರು ಕೂಡಿ ಒಂದು ಕುರಿಯನ್ನು ಕೊಂಡು, ಬೆಳಗಿನ ಜಾವ ಕೊಯ್ದು, ಬಾಳೆಲೆಯ ಮೇಲೆ ತೊಡೆ, ಪಕ್ಕೆ, ಈಲಿ, ನೆಣ ಎಲ್ಲವೂ ಎಲ್ಲರಿಗೂ ಬರುವಂತೆ ಸಮನಾದ ಗುಡ್ಡೆಗಳನ್ನು ಹಾಕಿ ಹಂಚಿಕೊಳ್ಳುವ ‘ಗುಡ್ಡೆ ಮಾಂಸ’ದ ಪದ್ಧತಿ ಇರುವೆಡೆ, ಆ ಗುಡ್ಡೆಯೊಂದನ್ನು ಪಡೆದವರು ಪೈಗೆ ಬೇಕಾದ ಸರ್ವ ಸಾಮಗ್ರಿಯನ್ನೂ ಪಡೆದಂತೆಯೇ.

ಅಂಗಡಿಯಲ್ಲಿ ಕೊಳ್ಳುವವರು ಮೂರು ವಸ್ತುಗಳನ್ನು ಕೇಳಿ ತರಬೇಕು. ಮೊದಲನೆಯದು, ಮುಂಗಾಲಿನ ಭಾಗದ ಮಾಂಸ 600 ಗ್ರಾಂ, ಕೈಮ ಮಾಡಿಸಿದ್ದು; ಅದರಲ್ಲಿ ಐದರಲ್ಲೊಂದು ಪಾಲು ನೆಣವಿರಲಿ. ಎರಡನೆಯದು, ಗುಂಡಿಕಾಯಿಯ ಸುತ್ತ ಇರುವ ಗಟ್ಟಿಯಾದ ಬಿಳಿಯ ನೆಣ, 150 ಗ್ರಾಂ. ಅನೇಕ ಕಡೆ ಇದನ್ನು ಕೇಳುವವರಿಲ್ಲದೆ ಎಸೆಯುವುದುಂಟು. ಮೂರನೆಯದು, ಸುಟ್ಟು ಕೆರೆದ ಕಾಲು, ಎರಡು.

ಹಿಂದಿನ ದಿನದ ಸಂಜೆ ಆರಂಭಿಸುವುದು ಉತ್ತಮ. ಕಾಲುಗಳನ್ನು ಒಡೆಯಿಸಿ, ಒಂದು ಈರುಳ್ಳಿ, ಹತ್ತು ಕಾಳುಮೆಣಸು, ಉಪ್ಪು ಸೇರಿಸಿ, ನೀರು ತುಂಬಿ, ಮೂರು ನಾಲ್ಕು ಗಂಟೆ ಸಣ್ಣ ಉರಿಯಲ್ಲಿ ಇಡಬೇಕು. ಶೀತವಾದಾಗ ಮನೆಯವರಿಗೆಲ್ಲ ಕುಡಿಸುವ ನಮ್ಮ ಕಾಲುಸೂಪಿನ ಕ್ರಮವೇ ಇದು, ಅರಿಸಿನ ಶುಂಠಿ ಬೆಳ್ಳುಳ್ಳಿಗಳಿಲ್ಲದೆ. ಮೂಳೆಗೂ ಕೀಲಿಗೂ ಅಂಟಿದ ನಾರು ದೀರ್ಘವಾದ ಶಾಖಕ್ಕೆ ಕರಗಿ ಅಂಟುರಸವಾಗುತ್ತದೆ. ಸೋಸಿ, ಆರಿಸಿ, ತಂಪುಪೆಟ್ಟಿಗೆಯಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಪಾತ್ರೆಯಲ್ಲಿ ನಡುಗುವ ಗಟ್ಟಿಯಾಗಿ ನಿಂತಿರುತ್ತದೆ. ಚಮಚದಿಂದ ತಟ್ಟಿದರೆ ಹಲಸಿನ ತೊಳೆಯಂತೆ ಹಿಂದಕ್ಕೆ ತಳ್ಳುತ್ತದೆ. ಮೆಲ್ಟನ್ ಮೌಬ್ರೆಯವರು ಹಂದಿಯ ಕಾಲಿನಿಂದ ಇಂಥದೇ ರಸವನ್ನು ಮಾಡಿ, ಬೆಂದು ಆರಿದ ಪೈಯ ನೆತ್ತಿಯ ರಂಧ್ರದಿಂದ ಒಳಗೆ ಹೊಯ್ದು, ಮಾಂಸ ಕುಗ್ಗಿದಾಗ ಉಂಟಾದ ತೆರಪನ್ನು ತುಂಬುತ್ತಾರೆ. ಅವರು ತಣ್ಣಗೆ ತಿನ್ನುವವರು, ಗಟ್ಟಿಯಾದ ರಸವೇ ಅವರಿಗೆ ಪ್ರಿಯ; ಬಿಸಿಯಾಗಿ ತಿನ್ನುವ ನಮಗೆ ಅದು ಕರಗಿ ಸಾರಾಗಿ ನಿಲ್ಲುತ್ತದೆ.

ನೆಣವನ್ನು ಸಣ್ಣಗೆ ಹೆಚ್ಚಿ, ಅರ್ಧ ಲೋಟ ನೀರಿನೊಡನೆ ದಪ್ಪ ತಳದ ಪಾತ್ರೆಯಲ್ಲಿ ಮೆಲ್ಲಗೆ ಕಾಯಿಸಬೇಕು. ನೀರು ಆವಿಯಾಗಿ, ತುಪ್ಪದಂತೆ ತಿಳಿಯಾದ ಜಿಡ್ಡು ಮೇಲೆ ನಿಂತು, ಚರಟ ಕೆಂಪಾದಾಗ ಇಳಿಸಿ ಸೋಸಬೇಕು. ಇಲ್ಲಿ ಒಂದು ಎಚ್ಚರಿಕೆ. ಕುರಿಯ ನೆಣ ಕರಗುವುದಕ್ಕೆ 40 ಡಿಗ್ರಿಗೂ ಮೀರಿದ ಶಾಖ ಬೇಕು. ಅದಕ್ಕೆಂದೇ ತಣ್ಣಗಾದ ಬಾಡಿನ ಸಾರು ತುಟಿಗೆ ಮೇಣದಂತೆ ಅಂಟುವುದು. ಪೂರ್ತಿ ನೆಣದಿಂದ ಕಣಕ ಮಾಡಿದರೆ ಅದೇ ದೋಷ ಬಾಯಲ್ಲಿ ನಿಲ್ಲುತ್ತದೆಯಾದ್ದರಿಂದ, ನಾನು 75 ಗ್ರಾಂ ನೆಣಕ್ಕೆ 75 ಗ್ರಾಂ ಬೆಣ್ಣೆಯನ್ನು ಸೇರಿಸುತ್ತೇನೆ. ನೆಣ ಗೋಡೆಗೆ ಬಲವನ್ನು ಕೊಡುತ್ತದೆ, ಬೆಣ್ಣೆ ಪರಿಮಳವನ್ನು.

450 ಗ್ರಾಂ ಮೈದಾಹಿಟ್ಟಿಗೆ ಒಂದು ಚಮಚ ಉಪ್ಪು ಬೆರೆಸಿ ಅಗಲವಾದ ಬೇಸಿನ್ನಿನಲ್ಲಿ ಹಾಕಿಕೊಳ್ಳಿ. 180 ಮಿಲಿಲೀಟರ್ ನೀರು, ಆ ನೆಣ, ಆ ಬೆಣ್ಣೆ ಮೂರನ್ನೂ ಕೂಡಿಸಿ ಕುದಿ ಬರಿಸಿ, ಮುದ್ದೆಕೋಲಿನಿಂದ ಹಿಟ್ಟಿನ ನಡುವೆ ಗುಳಿ ಮಾಡಿ ಒಮ್ಮೆಗೇ ಸುರಿಯಿರಿ. ಕೋಲಿನಿಂದಲೇ ತಿರುವಿ, ಕೈ ತಾಳುವಷ್ಟು ಬಿಸಿ ಇಳಿದೊಡನೆ ನಾದಿ; ಎರಡು ನಿಮಿಷ ಸಾಕು, ಹೆಚ್ಚು ನಾದಬಾರದು. ಕಿವಿಯ ಹಾಲೆಯನ್ನು ಮುಟ್ಟಿದಷ್ಟು ಮೃದುವಾದ, ಮೇಲ್ಮೈಯಲ್ಲಿ ಮಿರುಗುವ ಮುದ್ದೆಯೊಂದು ಬರುತ್ತದೆ. ಇದನ್ನು ಒದ್ದೆಬಟ್ಟೆಯಿಂದ ಮುಚ್ಚಿ ಕಾಲು ಗಂಟೆ ಬಿಡಬೇಕು. ಅದಕ್ಕಿಂತ ಹೆಚ್ಚು ಬಿಟ್ಟರೆ ಮುದ್ದೆ ಬಿಗಿದುಕೊಂಡು ಬಿರುಕುಬಿಡಲು ತೊಡಗುತ್ತದೆ.

ಈಗ ಕುಂಬಾರಿಕೆ. ಹೀಗೆಂದು ಹೇಳುವುದು ಅಲಂಕಾರಕ್ಕಲ್ಲ. ಇಂಗ್ಲೆಂಡಿನ ಪೈಗಾರರು ಕಣಕವನ್ನು ಎಬ್ಬಿಸಲು ಮರದ ಗುಂಡೊಂದನ್ನು ಬಳಸುತ್ತಾರೆ, ನಮ್ಮ ಮನೆಯಲ್ಲಿ ಅದರ ಕೆಲಸವನ್ನು ತಳ ಚಪ್ಪಟೆಯಾದ ಸ್ಟೀಲಿನ ಲೋಟ ಮಾಡುತ್ತದೆ. ಕಣಕವನ್ನು ಆರು ಪಾಲು ಮಾಡಿ, ಪ್ರತಿಯೊಂದರಲ್ಲೂ ಕಾಲುಭಾಗವನ್ನು ಮುಚ್ಚಳಕ್ಕೆ ತೆಗೆದಿಡಿ. ಉಳಿದುದನ್ನು ಉಂಡೆಮಾಡಿ ಅಂಗೈಯಲ್ಲಿ ತಟ್ಟಿ, ಹಿಟ್ಟು ಸವರಿದ ಲೋಟದ ತಳದ ಮೇಲೆ ಬೋರಲು ಹಾಕಿ, ಎರಡು ಕೈಯ ಹೆಬ್ಬೆರಳುಗಳಿಂದ ಮೇಲಿನಿಂದ ಕೆಳಕ್ಕೆ ಒತ್ತುತ್ತ, ಲೋಟವನ್ನು ತಿರುಗಿಸುತ್ತ ಬಂದರೆ, ಕಣಕವು ತನ್ನಷ್ಟಕ್ಕೆ ತಾನೇ ಲೋಟದ ಮೈಯನ್ನು ತಬ್ಬಿ ಮೂರು ಬೆರಳಗಲ ಇಳಿಯುತ್ತದೆ. ತಳದ ಮೂಲೆಯಲ್ಲಿ ಕಣಕ ತೆಳ್ಳಗಾಗದಂತೆ ನೋಡಿಕೊಳ್ಳಬೇಕು. ಪೈ ಸೋರುವುದು ಯಾವಾಗಲೂ ಆ ಮೂಲೆಯಿಂದಲೇ. ಆರು ಬಟ್ಟಲುಗಳನ್ನೂ ಹೀಗೆ ಎಬ್ಬಿಸಿ, ಮುಚ್ಚಳಗಳನ್ನು ಲಟ್ಟಿಸಿ, ಎಲ್ಲವನ್ನೂ ತಟ್ಟೆಯಲ್ಲಿಟ್ಟು ರಾತ್ರಿಯೆಲ್ಲ ತಂಪುಪೆಟ್ಟಿಗೆಯಲ್ಲಿಡಬೇಕು. ಬೆಳಿಗ್ಗೆ ಬೆರಳಿನಿಂದ ಬಡಿದರೆ ಟಕಟಕನೆ ಸದ್ದು ಬರುವಷ್ಟು ಅವು ಬಿಗಿದಿರುತ್ತವೆ. ಅವಸರದಲ್ಲಿ ಈ ವಿಶ್ರಾಂತಿಯನ್ನು ತಪ್ಪಿಸಿದವರ ಪೈ ಒಲೆಯಲ್ಲಿ ಹೊಟ್ಟೆ ಬಿಡುತ್ತದೆ.

ಹೂರಣಕ್ಕೆ ನಾನು ಮಸಾಲೆಯನ್ನು ಅರೆಯುವುದಿಲ್ಲ. ಕೊತ್ತಂಬರಿ, ಚಕ್ಕೆ ಲವಂಗ, ಕಾಯಿ ಗಸಗಸೆ ಎಲ್ಲವನ್ನೂ ಹಾಕಿ ನಮ್ಮ ಕೈಮದ ಉಂಡೆಯ ರುಚಿಯನ್ನೇ ಪೈಯೊಳಗೆ ತಂದಿಡಬಹುದು. ಆದರೆ ಹಾಗೆ ಮಾಡಿದಾಗ ಕಣಕದ ರುಚಿಯೂ ಬಂಡೂರು ಮಾಂಸದ ರುಚಿಯೂ ಮಸಾಲೆಯ ಹಿಂದೆ ಅಡಗಿಕೊಳ್ಳುತ್ತವೆ. ಸ್ಕಾಟ್ಲೆಂಡಿನವರು ಹಾಕುವುದು ಮೆಣಸು ಮತ್ತು ಜಾಪತ್ರೆ ಅಥವಾ ಜಾಯಿಕಾಯಿ, ಇಷ್ಟೇ. ಮೆಣಸು ಮಾತ್ರ ಧಾರಾಳ. ಮೆಣಸು ನಮ್ಮ ಮಲೆನಾಡಿನದೇ ಆಗಿರುವಾಗ ಇದನ್ನು ಪರದೇಶದ ರುಚಿ ಎನ್ನುವುದಾದರೂ ಹೇಗೆ! 600 ಗ್ರಾಂ ಕೈಮಕ್ಕೆ ಆಗತಾನೆ ಕುಟ್ಟಿದ ಮೆಣಸು ಒಂದೂವರೆ ಚಮಚ, ತುರಿದ ಜಾಯಿಕಾಯಿ ಕಾಲು ಚಮಚ, ಉಪ್ಪು ಒಂದೂವರೆ ಚಮಚ, ಬೇಕರಿಯ ರಸ್ಕು ಎರಡನ್ನು ಪುಡಿಮಾಡಿದ್ದು, ಗಟ್ಟಿಯಾದ ಕಾಲುರಸ ಐದಾರು ಚಮಚ. ಇಷ್ಟನ್ನು ಬೆರಳುಗಳಿಂದ ಬೆರೆಸಿದರೆ ಮುಗಿಯಿತು. ರಸ್ಕಿನ ಪುಡಿಯು ಬೇಯುವಾಗ ಹೊರಬರುವ ರಸವನ್ನು ಹೀರಿ ಹಿಡಿಯುತ್ತದೆ. ಕೈಮವನ್ನು ಮೊದಲೇ ಹುರಿಯಬಾರದು, ಹಸಿಯಾಗಿಯೇ ತುಂಬಬೇಕು.

ಬಟ್ಟಲಿನ ಮುಕ್ಕಾಲು ಎತ್ತರಕ್ಕೆ ಹೂರಣ ತುಂಬಿ, ಮುಚ್ಚಳವನ್ನು ಅಂಚಿನ ಮೇಲಲ್ಲ, ಅಂಚಿಗಿಂತ ಅರ್ಧ ಅಂಗುಲ ಒಳಗೆ ಇಳಿಸಿ, ನೀರು ಸವರಿ ಗೋಡೆಗೆ ಒತ್ತಬೇಕು. ಹೀಗೆ ಮೇಲೆ ಉಳಿಯುವ ಗೋಡೆ ಒಂದು ಪುಟ್ಟ ಕಟ್ಟೆಯಾಗುತ್ತದೆ. ತಿನ್ನುವಾಗ ಸಾರನ್ನೋ ಅರೆದ ಆಲೂಗಡ್ಡೆಯನ್ನೋ ಆ ಕಟ್ಟೆಯೊಳಗೆ ಹಾಕಿಕೊಳ್ಳುವುದು ಸ್ಕಾಟ್ಲೆಂಡಿನ ವಾಡಿಕೆ. ಮುಚ್ಚಳದ ನಡುವೆ ಕಿರುಬೆರಳು ತೂರುವಷ್ಟು ರಂಧ್ರ ಮಾಡಿ, ಮೊಟ್ಟೆಯ ಹಳದಿ ಬಳಿದು, 200 ಡಿಗ್ರಿಗೆ ಕಾದ ಓವನ್ನಿನಲ್ಲಿ ಕಾಲು ಗಂಟೆ, ಬಳಿಕ 180 ಡಿಗ್ರಿಗೆ ಇಳಿಸಿ ಅರ್ಧ ಗಂಟೆ ಬೇಯಿಸಬೇಕು. ಮೊದಲ ಕಾಲು ಗಂಟೆಯ ಬಿರುಶಾಖ ಗೋಡೆಯನ್ನು ನಿಲ್ಲಿಸುತ್ತದೆ. ಆಮೇಲಿನದು ಹೂರಣವನ್ನು ಬೇಯಿಸುತ್ತದೆ. ಮಾಂಸದ ನಡುಭಾಗ 75 ಡಿಗ್ರಿ ಮುಟ್ಟಿರಬೇಕು. ಶಾಖಮಾಪಕವಿಲ್ಲದವರು ರಂಧ್ರದಲ್ಲಿ ಕುದಿಯುವ ರಸ ತಿಳಿಯಾಗಿ, ಕೆಂಪು ಛಾಯೆಯಿಲ್ಲದೆ ಇರುವುದನ್ನು ನೋಡಿ ಇಳಿಸಬಹುದು. ಓವನ್ನಿಲ್ಲದ ಮನೆಯವರು ದಪ್ಪ ತಳದ ಅಗಲವಾದ ತಪ್ಪಲೆಗೆ ಎರಡಂಗುಲ ಮರಳು ಹಾಕಿ, ಮುಚ್ಚಿ, ಅರ್ಧ ಗಂಟೆ ಚೆನ್ನಾಗಿ ಕಾಯಿಸಿ, ಮರಳ ಮೇಲೆ ತಟ್ಟೆಯಿಟ್ಟು ಬೇಯಿಸಬಹುದು. ಮೇಲುಗಡೆ ಬಣ್ಣ ಬರಲು ಮುಚ್ಚಳದ ಮೇಲೆ ಕೆಂಡ ಹಾಕಬೇಕು, ಸಮಯವೂ ಹೆಚ್ಚು ಬೇಕು. ಇಂಗ್ಲೆಂಡಿನ ಬಡವರ ಮನೆಗಳಲ್ಲೂ ಬಹುಕಾಲ ಓವನ್ ಇರಲಿಲ್ಲ. ಅವರು ಮನೆಯಲ್ಲಿ ಪೈ ಕಟ್ಟಿ, ರೊಟ್ಟಿ ಬೇಯಿಸುವವನ ಭಟ್ಟಿಗೆ ಒಯ್ದು, ಅಲ್ಪ ಹಣ ಕೊಟ್ಟು ಬೇಯಿಸಿಕೊಂಡು ಬರುತ್ತಿದ್ದರು.

ಇಳಿಸಿದ ಪೈಗಳನ್ನು ಹತ್ತು ನಿಮಿಷ ಮುಟ್ಟಬಾರದು. ತರುವಾಯ, ಬಿಸಿಮಾಡಿ ಕರಗಿಸಿದ ಕಾಲುರಸವನ್ನು ರಂಧ್ರದಿಂದ ಎರಡು ಚಮಚದಷ್ಟು ಸುರಿಯಬೇಕು. ಒಳಗಿನಿಂದ ಸಣ್ಣದೊಂದು ನಿಟ್ಟುಸಿರಿನಂಥ ಸದ್ದು ಬಂದು, ರಸ ಇಳಿದುಹೋಗುವುದನ್ನು ಕಾಣಬಹುದು.

ಹಿಂದೊಂದು ಪುಷ್ಯಮಾಸದ ಭಾನುವಾರ ಹೀಗೆ ಮಾಡಿದ ಹನ್ನೆರಡು ಪೈಗಳನ್ನು ಬೆಳಿಗ್ಗೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ತುಂಬಿ, ಹಲಗೂರಿನ ಮೇಲೆ ಕಾಡಿನ ದಾರಿ ಹಿಡಿದು ಮುತ್ತತ್ತಿಗೆ ಹೋದೆವು. ಸೀತಾದೇವಿಯ ಮೂಗುತಿಯ ಮುತ್ತು ಹೊಳೆಗೆ ಬಿದ್ದಾಗ ಆಂಜನೇಯನು ಬಾಲದಿಂದ ಮಡುವನ್ನು ಕಲಕಿ ಎತ್ತಿಕೊಟ್ಟನೆಂದೂ, ಅದರಿಂದ ಅವನು ಮುತ್ತೆತ್ತಿದ ರಾಯ, ಮುತ್ತತ್ತಿರಾಯನಾದನೆಂದೂ ಐತಿಹ್ಯ. ರಾಯನಿಗೆ ಹಣ್ಣುಕಾಯಿ ಒಪ್ಪಿಸಿ, ಅನಂತರ ದೂರದಲ್ಲಿ ಹೊಳೆಯ ಬಳಿ ಮೂರು ಕಲ್ಲು ಹೂಡಿ ಬಾಡು ಬೇಯಿಸಿ ಬಂಧುಬಳಗದೊಡನೆ ಉಣ್ಣುವುದು ನಮ್ಮ ಕಡೆಯ ಒಕ್ಕಲು ಮಕ್ಕಳ ಹಳೆಯ ರೂಢಿ. ಈ ಪ್ರದೇಶ 1987ರಲ್ಲಿ ಕಾವೇರಿ ವನ್ಯಜೀವಿಧಾಮವಾದ ಮೇಲೆ, ಅರಣ್ಯ ಇಲಾಖೆಯವರು ಬಿಟ್ಟುಕೊಟ್ಟ ಎಡೆಯಲ್ಲಿ ಮಾತ್ರ ಒಲೆ ಹೂಡುವುದು, ಎದ್ದು ಬರುವಾಗ ಕೆಂಡಕ್ಕೆ ನೀರು ಹೊಯ್ಯುವುದು, ಒಂದು ಚೂರು ಪ್ಲಾಸ್ಟಿಕ್ಕನ್ನೂ ಬಿಡದೆ ತರುವುದು ಪ್ರತಿಯೊಬ್ಬರ ಕರ್ತವ್ಯ. ಹೊಳೆಯಲ್ಲಿ ಈಜುವ ಮಾತಂತೂ ಬೇಡ. ಮೇಲೆ ಶಾಂತವಾಗಿ ಕಾಣುವ ಆ ನೀರಿನ ಸುಳಿಗಳು ಎಷ್ಟೋ ಮನೆಗಳ ದೀಪವನ್ನು ಆರಿಸಿವೆ. ಮೀನಿನ ಪೈ ಮಾಡಬಹುದೇ ಎಂದು ಕೇಳುವವರಿದ್ದಾರೆ. ಸಮುದ್ರದ ಮೀನಿನಿಂದ ಧಾರಾಳವಾಗಿ ಮಾಡಿ, ಆದರೆ ಮುತ್ತತ್ತಿಯ ಹೊಳೆಯ ಕಡೆಗೆ ಕೈ ತೋರಿಸಬೇಡಿ. ನಮ್ಮವರು ಬಿಳಿಮೀನೆನ್ನುವ, ಇಂಗ್ಲೆಂಡಿನ ಗಾಳಗಾರರು ಸಮುದ್ರ ದಾಟಿ ಅರಸಿಕೊಂಡು ಬರುತ್ತಿದ್ದ, ಗೂನುಬೆನ್ನಿನ ಆ ಮಹಾಮತ್ಸ್ಯವು 2018ರಿಂದ ಜಗತ್ತಿನ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿ ಅತ್ಯಂತ ಸಂಕಟದ ವರ್ಗದಲ್ಲಿದೆ.

ಪೈ ಬುತ್ತಿಯಾದರೂ, ಬೆಂದ ಮಾಂಸವನ್ನು ಬೆಚ್ಚಗಿನ ಡಬ್ಬಿಯಲ್ಲಿ ಎರಡು ಗಂಟೆಗೆ ಮೀರಿ ಇಡುವುದು ಕ್ಷೇಮವಲ್ಲ. ದೂರದವರು ತಣ್ಣಗೆ ಮಾಡಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಒಯ್ದು, ಅಲ್ಲಿ ಚೆನ್ನಾಗಿ ಕಾಯಿಸಿಕೊಳ್ಳಬೇಕು. ನಾವು ಹೋದೊಡನೆಯೇ ತಪ್ಪಲೆಯ ತಳಕ್ಕೆ ಕಲ್ಲುಚೂರು ಹಾಕಿ, ಪೈಗಳನ್ನು ಜೋಡಿಸಿ, ಮುಚ್ಚಿ, ಕೆಂಡದ ಮೇಲಿಟ್ಟೆವು. ಪಕ್ಕದ ಒಲೆಯಲ್ಲಿ ಮುದ್ದೆಗೆ ಎಸರು ಕುದಿಯುತ್ತಿತ್ತು. ಆರಿದಾಗ ಬಿಗಿದುಕೊಂಡಿದ್ದ ನೆಣ ಮತ್ತೆ ಕರಗಿ, ಗೋಡೆಗಳು ಗರಿಗರಿಯಾಗಿ, ರಂಧ್ರಗಳಲ್ಲಿ ರಸ ಮೆಲ್ಲಗೆ ಗುಳುಗುಳಿಸತೊಡಗಿತು. ಮೆಣಸಿನ ಮತ್ತು ಜಾಯಿಕಾಯಿಯ ಘಮ ಹೊಳೆಯ ತಂಗಾಳಿಯಲ್ಲಿ ಹರಡಿತು.

ದೊಡ್ಡವ್ವ ಒಂದನ್ನು ಮುತ್ತುಗದೆಲೆಯ ಮೇಲೆ ಇರಿಸಿಕೊಂಡು, ಹೆಬ್ಬೆರಳಿನಿಂದ ಮುಚ್ಚಳವನ್ನು ಒತ್ತಿ ಮುರಿದರು. ಆವಿ ಎದ್ದಿತು. ಅವರು ಮೊದಲು ಹೂರಣವನ್ನು ಮುಟ್ಟಲಿಲ್ಲ. ರಸದಲ್ಲಿ ನೆನೆದ ತಳದ ಕಣಕದ ತುಂಡೊಂದನ್ನು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದು, “ಹಿಟ್ಟು ಚೆನ್ನಾಗ್ ಉಕ್ಕರಿಸಿದ್ದೀಯ ಕಣ್ ಮಗ” ಎಂದರು. ಆಮೇಲೆ ಅತ್ತಿಗೆಯ ಕಡೆಗೆ ತಿರುಗಿ, ಆ ಕಟ್ಟೆಯೊಳಕ್ಕೆ ಸ್ವಲ್ಪ ಬಾಡಿನ ಸಾರು ಬಿಡುವಂತೆ ಎಲೆಯನ್ನು ಮುಂದಕ್ಕೆ ಹಿಡಿದರು.